ಎರಡು ಬ್ರಹ್ಮಕಮಲಗಳು

ಮಳೆಗಾಲದ ಕೆಲವು ರಾತ್ರಿಗಳಲ್ಲಿ ಬೆಂಗಳೂರಿನ ಹೊರವಲಯದ ಮನೆಗಳಲ್ಲಿ ಒಂದು ಸಣ್ಣ ಉತ್ಸವ ನಡೆಯುವುದುಂಟು. ಪೀಣ್ಯದ ಕಾರ್ಖಾನೆಗಳ ಸುತ್ತಣ ಬಡಾವಣೆಗಳಲ್ಲಾಗಲಿ, ವೈಟ್‌ಫೀಲ್ಡು ಎಲೆಕ್ಟ್ರಾನಿಕ್ ಸಿಟಿಗಳ ಎತ್ತರವಾದ ವಸತಿಗೃಹಗಳಲ್ಲಾಗಲಿ, ಯಾವುದೋ ಒಂದು ಕುಂಡದಲ್ಲಿ ಬಿಳಿಯ ಮೊಗ್ಗೊಂದು ಕತ್ತಲಾದ ಬಳಿಕ ಬಿರಿಯತೊಡಗುತ್ತದೆ. ಮನೆಯವರು ನೆರೆಹೊರೆಯವರನ್ನು ಕರೆದು, ದೀಪ ಹಚ್ಚಿ, ಬ್ರಹ್ಮಕಮಲವು ಅರಳಿತೆಂದು ಕೈಮುಗಿಯುತ್ತಾರೆ. ಬೆಳಗಾಗುವಷ್ಟರಲ್ಲಿ ಹೂ ಬಾಡಿ ಜೋತುಬಿದ್ದಿರುತ್ತದೆ.

ಈ ಭಕ್ತಿಯನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಆದರೆ ಕುಂಡದಲ್ಲಿರುವ ಗಿಡವು ಹಿಮಾಲಯದ ಬ್ರಹ್ಮಕಮಲವಲ್ಲವೆಂಬುದನ್ನು ತಿಳಿದಿರುವುದು ಒಳ್ಳೆಯದು. ಇದು ಮೆಕ್ಸಿಕೋ ದೇಶದ ದಕ್ಷಿಣಭಾಗ ಮತ್ತು ಗ್ವಾಟೆಮಾಲಗಳಿಂದ ಬಂದ ಒಂದು ಬಗೆಯ ಕಳ್ಳಿ. ಶಾಸ್ತ್ರಜ್ಞರು ಇದನ್ನು ಎಪಿಫಿಲಮ್ ಆಕ್ಸಿಪೆಟಾಲಮ್ ಎಂದು ಕರೆಯುತ್ತಾರೆ. ನಾವು ಎಲೆಯೆಂದು ತಿಳಿದು ಮುರಿದು ನೆಡುವುದು ವಾಸ್ತವವಾಗಿ ಅದರ ಚಪ್ಪಟೆಯಾದ ಕಾಂಡ. ರಾತ್ರಿ ಸಂಚರಿಸುವ ಪತಂಗಗಳನ್ನು ಕರೆಯುವುದಕ್ಕಾಗಿಯೇ ಅದಕ್ಕೆ ಆ ಬಿಳುಪು, ಆ ಸುಗಂಧ. ಇಂತಹ ಗಿಡಕ್ಕೆ ಹಿಮವು ಮೃತ್ಯು. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ. ಆದುದರಿಂದ ಇಲ್ಲಿ ಅದು ಸುಖವಾಗಿ ಬೆಳೆಯುತ್ತಿದೆ.

ಹಾಗಾದರೆ ನಿಜವಾದ ಬ್ರಹ್ಮಕಮಲವೆಲ್ಲಿ? ಅದು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಗಿಡ. ಹಿಮಾಲಯದಲ್ಲಿ ಸುಮಾರು 3,700 ಮೀಟರಿನಿಂದ 4,600 ಮೀಟರಿನ ಎತ್ತರದವರೆಗೆ, ಮರಗಳ ಎಲ್ಲೆಯನ್ನು ದಾಟಿದ ಕಲ್ಲುನೆಲದಲ್ಲಿಯೂ ಹುಲ್ಲುಗಾವಲಿನಲ್ಲಿಯೂ ಅದರ ವಾಸ. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅದರ ಹತ್ತಿರ ಹತ್ತಿರ ಇಮ್ಮಡಿ ಎತ್ತರಕ್ಕೆ ಏರಿದ ಮೇಲೆಯೇ ಈ ಹೂವಿನ ದರ್ಶನ. ಅದರ ಶಾಸ್ತ್ರೀಯ ನಾಮ ಸಾಸ್ಯೂರಿಯ ಆಬ್ವಲ್ಲಾಟ. ಮೊದಲನೆಯ ಪದವು, 1787ರಲ್ಲಿ ಮಾಂಟ್ ಬ್ಲಾಂಕ್ ಶಿಖರವನ್ನೇರಿದ ಜಿನೀವದ ವಿಜ್ಞಾನಿ ಸಾಸ್ಯೂರನ ನೆನಪನ್ನು ಉಳಿಸಿದೆ. ಎರಡನೆಯದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಕೋಟೆಯಿಂದ ಸುತ್ತುವರಿದುದು ಎಂದರ್ಥ. ಗಿಡದ ಬಾಳಿನ ಗುಟ್ಟು ಈ ಪದದಲ್ಲಿಯೇ ಅಡಗಿದೆ.

ಆ ಎತ್ತರದಲ್ಲಿ ಬಾಳುವುದು ಸುಲಭವಲ್ಲ. ಮೇಲೆ ಹೋದಂತೆಲ್ಲ ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಷ್ಟು ಉಷ್ಣತೆ ಇಳಿಯುವುದಷ್ಟೆ. ಬೆಂಗಳೂರು ಇರುವುದು ಸುಮಾರು 920 ಮೀಟರಿನಲ್ಲಿ. ಈ ಲೆಕ್ಕದಲ್ಲಿ 4,000 ಮೀಟರಿನ ಎತ್ತರವು ಕೇವಲ ಎತ್ತರದ ಕಾರಣದಿಂದಲೇ ನಮ್ಮೂರಿಗಿಂತ ಇಪ್ಪತ್ತು ಡಿಗ್ರಿ ತಂಪಾಗಿರಬೇಕು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಐದರಲ್ಲಿ ಮೂರು ಪಾಲು ಮಾತ್ರ. ಗಾಳಿ ತೆಳುವಾದುದರಿಂದ ಸೂರ್ಯನ ನೇರಳಾತೀತ ಕಿರಣಗಳು ಹೆಚ್ಚಾಗಿ ತಾಗುತ್ತವೆ. ಹಿಮ ಕರಗಿದಂದಿನಿಂದ ಮತ್ತೆ ಬೀಳುವವರೆಗೆ ದೊರೆಯುವುದು ಕೆಲವೇ ತಿಂಗಳು. ಅಷ್ಟರೊಳಗೆ ಚಿಗುರಿ, ಹೂಬಿಟ್ಟು, ಬೀಜ ಕಟ್ಟಬೇಕು.

ಇದಕ್ಕೆ ಗಿಡವು ಮಾಡಿಕೊಂಡಿರುವ ಏರ್ಪಾಡುಗಳು ಆಶ್ಚರ್ಯಕರವಾಗಿವೆ. ಮೊದಲನೆಯದಾಗಿ, ಅದು ಎತ್ತರಕ್ಕೆ ಬೆಳೆಯುವುದಿಲ್ಲ. ಸಾಮಾನ್ಯವಾಗಿ ಮೊಣಕಾಲಿನ ಎತ್ತರವನ್ನು ಮೀರದೆ ನೆಲದ ಬಳಿಯೇ ನಿಲ್ಲುತ್ತದೆ. ನೆಲದ ಹತ್ತಿರ ಗಾಳಿಯ ರಭಸ ಕಡಮೆ, ಬಿಸಿಲಿಗೆ ಕಾದ ಕಲ್ಲುಮಣ್ಣಿನ ಬಿಸುಪು ಹೆಚ್ಚು. ಎರಡನೆಯದಾಗಿ, ಅದು ಬಹುವಾರ್ಷಿಕ. ಚಳಿಗಾಲದಲ್ಲಿ ಮೇಲಿನ ಭಾಗ ಒಣಗಿಹೋದರೂ ಬೇರುಗಡ್ಡೆಯು ಮಣ್ಣಿನೊಳಗೆ ಜೀವಂತವಾಗಿರುತ್ತದೆ. ಮೇಲೆ ಬಿದ್ದ ಹಿಮವೇ ಅದಕ್ಕೆ ಕಂಬಳಿ, ಏಕೆಂದರೆ ಸಡಿಲವಾದ ಹಿಮದಲ್ಲಿ ಸೇರಿಕೊಂಡ ಗಾಳಿಯು ನೆಲದ ಶಾಖವನ್ನು ಹೊರಕ್ಕೆ ಬಿಡುವುದಿಲ್ಲ.

ಮೂರನೆಯದೇ ಕೋಟೆ. ಜುಲೈಯಿಂದ ಸೆಪ್ಟೆಂಬರಿನವರೆಗೆ ಹೂಬಿಡುವ ಕಾಲದಲ್ಲಿ ದೋಣಿಯಾಕಾರದ, ಕಾಗದದಷ್ಟು ತೆಳುವಾದ, ತಿಳಿಹಳದಿಯ ಪತ್ರಗಳು ಮೇಲೆದ್ದು ಒಂದನ್ನೊಂದು ಅಪ್ಪಿ ಗೂಡಾಗುತ್ತವೆ. ನಾವು ಕಮಲದ ದಳಗಳೆಂದು ಭಾವಿಸುವುದು ಇವನ್ನೇ. ನಿಜವಾದ ಹೂಗಳು ಒಳಗೆ ಅಡಗಿರುವ ಚಿಕ್ಕ ಕೆನ್ನೀಲಿ ಗೊಂಚಲುಗಳು. ಅರೆಪಾರದರ್ಶಕವಾದ ಈ ಪತ್ರಗಳು ಬೆಳಕನ್ನು ಒಳಕ್ಕೆ ಬಿಟ್ಟು ಶಾಖವನ್ನು ಹಿಡಿದಿಡುತ್ತವೆ, ಮಳೆ ಗಾಳಿಗಳನ್ನು ತಡೆಯುತ್ತವೆ. ಲಾಲ್‌ಬಾಗಿನ ಗಾಜಿನ ಮನೆಯನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಚಳಿಗೆ ಜಗ್ಗದೆ ಹಾರುವ ದಪ್ಪ ರೋಮದ ದುಂಬಿಗಳು ಒಳಹೊಕ್ಕು ಪರಾಗವನ್ನು ಸಾಗಿಸುತ್ತವೆ. ಅನಂತರ ಕೂದಲಿನ ಕುಚ್ಚು ಹೊತ್ತ ಬೀಜಗಳನ್ನು ಗಾಳಿಯೇ ಬಿತ್ತುತ್ತದೆ.

ಇಷ್ಟು ಗಟ್ಟಿಯಾದ ಗಿಡವು ಮನುಷ್ಯನ ಕೈಗೆ ಮಾತ್ರ ಸೋಲುತ್ತದೆ. ಕೇದಾರ, ಬದರಿಗಳ ದೇವರಿಗೆ ಈ ಹೂವನ್ನು ಅರ್ಪಿಸುವ ಪದ್ಧತಿ ಹಳೆಯದು. ಭಾದ್ರಪದದ ನಂದಾಷ್ಟಮಿಗೆ ಮುನ್ನ ಇದನ್ನು ಕೀಳಬಾರದೆಂಬ ಕಟ್ಟುಪಾಡು ಅಲ್ಲಿನ ಬೆಟ್ಟದ ಹಳ್ಳಿಗರಲ್ಲಿ ಇತ್ತು. ಆ ನಿಯಮದಲ್ಲಿ ವಿವೇಕವಿದೆ. ಅಷ್ಟು ಕಾಲ ತಡೆದರೆ ಮುಂಚೆ ಅರಳಿದ ಹೂಗಳಾದರೂ ಬೀಜವಾಗುತ್ತವೆ. ಯಾತ್ರಿಕರ ದಟ್ಟಣೆಯೂ ಮಾರಾಟದ ಆಸೆಯೂ ಸೇರಿದಲ್ಲಿ ಬೀಜವಾಗುವ ಮೊದಲೇ ಹೂಗಳು ಬುಟ್ಟಿ ಸೇರುತ್ತವೆ. ಉತ್ತರಾಖಂಡ ಇದನ್ನು ರಾಜ್ಯಪುಷ್ಪವೆಂದು ಗೌರವಿಸಿದೆ. ಗೌರವ ಮಾತ್ರದಿಂದ ಬೀಜ ಮೊಳೆಯುವುದಿಲ್ಲ. ಇದರ ಮೇಲೆ ಭೂಮಿಯ ಉಷ್ಣತೆಯೂ ಏರುತ್ತಿದೆ. ತಂಪನ್ನರಸಿ ಮೇಲೆ ಸರಿಯುವ ಗಿಡಕ್ಕೆ ಬೆಟ್ಟವು ಒಂದು ಕಡೆ ಮುಗಿದೇಹೋಗುತ್ತದೆ.

ಆದುದರಿಂದ ಎರಡು ಹೂಗಳನ್ನೂ ಬೇರೆ ಬೇರೆಯಾಗಿ ಅರಿಯುವುದು ಬರಿಯ ಹೆಸರಿನ ಚರ್ಚೆಯಲ್ಲ. ಮನೆಮನೆಯಲ್ಲಿ ಬ್ರಹ್ಮಕಮಲವಿದೆಯೆಂದು ನಂಬಿದವರಿಗೆ ಅದು ಕಡಮೆಯಾಗುತ್ತಿದೆಯೆಂಬ ಮಾತು ಕಿವಿಗೆ ಬೀಳುವುದೇ ಕಷ್ಟ. ಕುಂಡದ ಹೂವು ರಾತ್ರಿ ಅರಳಿದಾಗ ನಾವು ಸಂತೋಷದಿಂದಲೇ ನೆರೆಯವರನ್ನು ಕರೆಯೋಣ. ಹಿಮಗಿರಿಗೆ ಯಾತ್ರೆ ಹೋದಾಗಲಾದರೋ, ಅಲ್ಲಿನ ಹೂವನ್ನು ಕೊಳ್ಳದೆ, ಕೀಳದೆ, ನಿಂತಲ್ಲಿಯೇ ನೋಡಿ ನಮಸ್ಕರಿಸಿ ಬರೋಣ.