ಆಟದ ಕಂಪ್ಯೂಟರಿಗೆ ಬಿಡಿಭಾಗಗಳನ್ನು ಕೊಳ್ಳುವ ಬಗೆ

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ತರುಣ ಮಿತ್ರರಲ್ಲಿ ಕೆಲವರು ಈಚೆಗೆ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ವಿಡಿಯೋ ಆಟಗಳಿಗೆ ತಕ್ಕ ಕಂಪ್ಯೂಟರನ್ನು ಬಿಡಿಭಾಗ ಕೊಂಡು ನಾವೇ ಜೋಡಿಸಿಕೊಳ್ಳಬಹುದೆ? ರಿಚ್ಚಿ ಬೀದಿಗೆ ಹೋದರೆ ಮೋಸವಾಗುವುದಿಲ್ಲವೆ? ಜೋಡಿಸಿಕೊಳ್ಳಬಹುದು, ಮೋಸ ಹೋಗುವುದೂ ಉಂಟು. ಆದರೆ ಬಹುಮಟ್ಟಿಗೆ ನಾವು ಕಣ್ಣಿಟ್ಟು ಕಾಯುವ ಭಾಗದಲ್ಲಿ ಮೋಸ ಹೋಗುವುದಿಲ್ಲ, ಅಲಕ್ಷ್ಯ ಮಾಡಿದ ಭಾಗದಲ್ಲಿ ಹೋಗುತ್ತೇವೆ.

ಎಗ್ಮೋರಿನಿಂದ ರಿಚ್ಚಿ ಬೀದಿ ದೂರವಲ್ಲ. ಪುದುಪೇಟೆಯನ್ನು ಹಾದು ಕೂವಂ ದಾಟಿ ಚಿಂತಾದ್ರಿಪೇಟೆಗೆ ಬಂದರೆ, ಮೌಂಟ್ ರೋಡಿನ ಮಗ್ಗುಲಲ್ಲೇ ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಕಂಡವರಿಗೆ ಅಲ್ಲಿನ ಗಲಾಟೆ ಹೊಸದೆನಿಸದು. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರ ಹೋಗುವುದು ಮೇಲು. ದಾರಿಯಲ್ಲಿ ಪುದುಪೇಟೆಯವರು ಹಳೆಯ ಮೋಟಾರುಗಳನ್ನು ಬಿಚ್ಚಿ ಮಾರುವುದನ್ನು ನೀವು ನೋಡಿರಬಹುದು. ಅಲ್ಲಿ ಒಂದು ಕಾರಿನ ಗೇರು ಇನ್ನೊಂದಕ್ಕೆ ಹೊಂದಬೇಕಾದರೆ ಅದೃಷ್ಟ ಬೇಕು. ಕಂಪ್ಯೂಟರಿನಲ್ಲಿ ಹತ್ತು ಕಂಪೆನಿಗಳ ಭಾಗಗಳು ಒಂದೇ ಪೆಟ್ಟಿಗೆಯಲ್ಲಿ ಕೂಡಿ ಬಾಳುತ್ತವೆ. 1981ರಲ್ಲಿ ಐಬಿಎಂ ತನ್ನ ಪಿ.ಸಿ.ಯನ್ನು ಬೇರೆಯವರ ಕಾರ್ಡುಗಳೂ ಕೂಡುವಂತೆ ರಚಿಸಿದ್ದು ಇದಕ್ಕೆ ಮೂಲ. 1995ರಲ್ಲಿ ಇಂಟೆಲ್ ಹೊರತಂದ ಎ.ಟಿ.ಎಕ್ಸ್. ಅಳತೆಯು ತಿರುಪಿನ ತೂತು ಎಲ್ಲಿರಬೇಕೆಂಬುದನ್ನೂ ಗೊತ್ತುಮಾಡಿತು.

ಆಯ್ಕೆಯನ್ನು ಪರದೆಯಿಂದ ಆರಂಭಿಸಬೇಕು. ಸಾಮಾನ್ಯ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಅಂದರೆ ಒಟ್ಟು 20,73,600 ಚುಕ್ಕಿಗಳು. ಆಟ ನಯವಾಗಿ ಓಡಬೇಕಾದರೆ ಇಷ್ಟನ್ನೂ ಸೆಕೆಂಡಿಗೆ 60 ಸಲ ಹೊಸದಾಗಿ ಬರೆಯಬೇಕು. ಬರೆಯುವುದು ಗ್ರಾಫಿಕ್ಸ್ ಕಾರ್ಡು. ಆದುದರಿಂದ ಹಣದ ದೊಡ್ಡ ಪಾಲು ಅದಕ್ಕೆ ಹೋಗುವುದು ನ್ಯಾಯ. 4ಕೆ ಪರದೆಯಲ್ಲಿ ಚುಕ್ಕಿಗಳು ಇದರ ನಾಲ್ಕರಷ್ಟು. ನಮ್ಮ ಸಂಬಳದವರು ಆ ಆಸೆಯನ್ನು ಸದ್ಯಕ್ಕೆ ಕಟ್ಟಿಡಬಹುದು. ಸಾಮಾನ್ಯ ಪರದೆಗೆ 8 ಜಿಬಿ ಸ್ಮೃತಿಯುಳ್ಳ ಕಾರ್ಡಿನಿಂದ ಮೇಲಕ್ಕೆ ನೋಡಿದರೆ ಸಾಕು.

ಪ್ರೊಸೆಸರನ್ನೂ ಮದರ್‌ಬೋರ್ಡನ್ನೂ ಜೋಡಿಯಾಗಿಯೇ ಆರಿಸತಕ್ಕದ್ದು. ಎಎಂಡಿಯವರ ಎಎಂ4 ಬೋರ್ಡಿಗೆ ಡಿಡಿಆರ್4 ಸ್ಮೃತಿ, 2022ರಲ್ಲಿ ಬಂದ ಎಎಂ5 ಬೋರ್ಡಿಗೆ ಡಿಡಿಆರ್5. ಒಂದರದು ಇನ್ನೊಂದರಲ್ಲಿ ಕೂರುವುದೇ ಇಲ್ಲ. 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿ ಹಾಕಿದರೆ ಎರಡು ದಾರಿಯಲ್ಲಿ ಮಾಹಿತಿ ಹರಿದು ಕೆಲಸ ಚುರುಕಾಗುತ್ತದೆ. 2025ರ ಕೊನೆಯಲ್ಲಿ ಸ್ಮೃತಿಯ ಬೆಲೆ ವಿಪರೀತ ಏರಿದ್ದನ್ನು ಕೊಂಡವರು ಬಲ್ಲರು. ತಯಾರಕರು ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳ ಕಡೆ ತಿರುಗಿದ್ದೇ ಅದಕ್ಕೆ ಕಾರಣ. ಎಎಂ5 ಮತ್ತು ಈಗಿನ ಇಂಟೆಲ್ ಬೋರ್ಡುಗಳಲ್ಲಿ ಸೂಜಿಗಳು ಬೋರ್ಡಿನ ಕುಳಿಯಲ್ಲೇ ಇರುತ್ತವೆ. ಹಣ ಕೊಡುವ ಮುನ್ನ ಮುಚ್ಚಳ ತೆಗೆಸಿ, ಬಾಗಿದ ಸೂಜಿ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ.

ಇನ್ನು ಎಲ್ಲರೂ ಅಲಕ್ಷ್ಯ ಮಾಡುವ ಭಾಗ. ಗೋಡೆಯ 230 ವೋಲ್ಟನ್ನು 12 ವೋಲ್ಟಿಗೆ ಇಳಿಸಿ ಎಲ್ಲಕ್ಕೂ ಹಂಚುವ ಪೆಟ್ಟಿಗೆ ಅದು, ಅಂಗಡಿಯವರು ಎಸ್.ಎಂ.ಪಿ.ಎಸ್. ಎನ್ನುತ್ತಾರೆ. ನನ್ನ ಅಕ್ಕನ ಮಗ ಇಲ್ಲಿ ಗುಮಾಸ್ತ. ಎರಡು ದೀಪಾವಳಿಯ ಬೋನಸ್ ಕೂಡಿಟ್ಟು ಕಂಪ್ಯೂಟರ್ ಕಟ್ಟಿದ. ಒಳ್ಳೆಯ ಕಾರ್ಡು ಕೊಂಡ. ಪೆಟ್ಟಿಗೆಯಲ್ಲಿ ಉಳಿಸು, ಅದು ಬರಿಯ ತಗಡು ಎಂದು ಹೇಳಿದವನು ನಾನೇ. ಒಂದು ಅಂಗಡಿಯಲ್ಲಿ 500 ವಾಟ್ ಎಂದು ದಪ್ಪಕ್ಷರದಲ್ಲಿ ಬರೆದದ್ದು ಅಗ್ಗಕ್ಕೆ ಸಿಕ್ಕಿತು. ಮೂರನೆಯ ತಿಂಗಳು, ಮೇ ತಿಂಗಳ ಒಂದು ರಾತ್ರಿ, ಆಟದ ನಡುವೆ ಟಪ್ಪೆಂದು ಸದ್ದಾಯಿತು. ಕೋಣೆಯೆಲ್ಲ ಸುಟ್ಟ ವಾಸನೆ. ಪೆಟ್ಟಿಗೆ ತಾನು ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು. ಊರಿಗೆ ಕಳಿಸಬೇಕಾಗಿದ್ದ ಎರಡು ತಿಂಗಳ ಹಣ ಹೊಸ ಬೋರ್ಡಿಗೆ ಆಯಿತು. ಅಕ್ಕನಿಗೆ ಫೋನು ಮಾಡಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಆಮೇಲೆ ಪೆಟ್ಟಿಗೆಯ ಮೇಲಿನ ಚೀಟಿಯನ್ನು ಓದಿದೆ. ಮೊದಲೇ ಓದಬೇಕಾಗಿತ್ತು. ಪ್ರತಿ ಪೆಟ್ಟಿಗೆಯ ಮೇಲೂ ಒಂದು ಸಣ್ಣ ಕೋಷ್ಟಕವಿರುತ್ತದೆ. ಅದರಲ್ಲಿ 12 ವೋಲ್ಟಿನ ಸಾಲನ್ನು ಹುಡುಕಿ, ಆಂಪಿಯರನ್ನು 12ರಿಂದ ಗುಣಿಸಿದರೆ ನಿಜವಾದ ವಾಟ್ ತಿಳಿಯುತ್ತದೆ. ನಮ್ಮದರಲ್ಲಿ ಬರೆದಿದ್ದದ್ದು 16 ಆಂಪಿಯರ್, ಅಂದರೆ 192 ವಾಟ್. ಅವನ ಆರ್‌ಟಿಎಕ್ಸ್ 3060 ಕಾರ್ಡು ಒಂದೇ 170 ವಾಟ್ ಬೇಡುತ್ತದೆ. 65 ವಾಟಿನದೆನ್ನುವ ಪ್ರೊಸೆಸರು ದುಡಿಯುವಾಗ 90ರ ಹತ್ತಿರ ಹೋಗುತ್ತದೆ. ಫ್ಯಾನು, ಡಿಸ್ಕು ಬೇರೆ. ಲೆಕ್ಕ 300ರ ಬಳಿ ನಿಲ್ಲುತ್ತದೆ. ಇಬ್ಬರು ಹೊರುವ ಮೂಟೆಯನ್ನು ಒಬ್ಬನ ತಲೆಯ ಮೇಲೆ ಇಟ್ಟಿದ್ದೆವು. ಒಳ್ಳೆಯ 550 ವಾಟ್ ಪೆಟ್ಟಿಗೆಯ ಅದೇ ಸಾಲಿನಲ್ಲಿ ಸುಮಾರು 45 ಆಂಪಿಯರ್ ಇರುತ್ತದೆ.

2004ರಲ್ಲಿ ಶುರುವಾದ '80 ಪ್ಲಸ್' ಎಂಬ ಮುದ್ರೆಯನ್ನೂ ನೋಡಬಹುದು. ಎಳೆದುಕೊಂಡ ವಿದ್ಯುತ್ತಿನಲ್ಲಿ ನೂರಕ್ಕೆ 80ರಷ್ಟಾದರೂ ಕೆಲಸಕ್ಕೆ ಬರುತ್ತದೆ, ಉಳಿದದ್ದಷ್ಟೇ ಶಾಖವಾಗುತ್ತದೆ ಎಂಬುದು ಅದರ ಅರ್ಥ. ಮದರಾಸಿನ ಸೆಖೆಯಲ್ಲಿ ಶಾಖ ಕಡಿಮೆಯಾದಷ್ಟೂ ಲಾಭವೇ. ಆದರೆ ಅದು ಮಿತವ್ಯಯದ ಮುದ್ರೆ, ರಕ್ಷಣೆಯದಲ್ಲ. ವೋಲ್ಟೇಜು ಏರಿದಾಗ, ಶಾರ್ಟ್ ಆದಾಗ ತಾನೇ ನಿಲ್ಲುವ ಏರ್ಪಾಡು ಇದೆಯೇ ಎಂದು ಪ್ರತ್ಯೇಕವಾಗಿ ಕೇಳಬೇಕು.

ಹಳೆಯ ಕಾರ್ಡು ಕೊಳ್ಳುವುದಾದರೆ ಒಂದು ಮಾತು. 2022ರ ಸೆಪ್ಟೆಂಬರಿನವರೆಗೆ ಈಥೀರಿಯಂ ನಾಣ್ಯದ ಗಣಿಗಾರಿಕೆಯಲ್ಲಿ ಹಗಲಿರುಳು ದುಡಿದ ಕಾರ್ಡುಗಳು, ಆ ವಿಧಾನ ನಿಂತ ಮೇಲೆ ಮಾರುಕಟ್ಟೆಗೆ ಬಂದವು. ಅವೆಲ್ಲ ಕೆಟ್ಟವೆಂದಲ್ಲ, ಸಾಮಾನ್ಯವಾಗಿ ಸವೆಯುವುದು ಫ್ಯಾನು, ಒಣಗುವುದು ಚಿಪ್ಪಿನ ಮೇಲಿನ ಲೇಪ. ಹಳೆಯ ಚಿಪ್ಪಿಗೆ ಹೊಸ ಹೆಸರು ಬರೆದ ನಕಲಿಗಳೂ ಉಂಟು. ಜಿಪಿಯು-ಝಡ್ ಎಂಬ ಉಚಿತ ಸಾಧನದಿಂದ ಒಳಗಿನ ಚಿಪ್ಪನ್ನು ನೋಡಿ, ಅರ್ಧ ಗಂಟೆ ಆಟ ಓಡಿಸಿ, ಶಾಖದ ಅಂಕಿಯನ್ನು ಗಮನಿಸಿಯೇ ಹಣ ಕೊಡಿ. ಒಪ್ಪದ ಅಂಗಡಿಯಿಂದ ಎದ್ದು ಬನ್ನಿ, ಪಕ್ಕದಲ್ಲೇ ಇನ್ನೊಂದಿದೆ. ಹೊಸದಕ್ಕೆ ಜಿ.ಎಸ್.ಟಿ. ಬಿಲ್ಲಿನಲ್ಲಿ ಸೀರಿಯಲ್ ನಂಬರು ಬರೆಸುವುದನ್ನು ಮರೆಯಬಾರದು. ಬಿಲ್ಲಿಲ್ಲದೆ ವಾರಂಟಿ ಎಂಬುದು ಬಾಯಿಮಾತು.

ಮ್ಯಾನ್ಷನ್ ಕೋಣೆಗಳಲ್ಲಿ ಇರುವವರು ಗೋಡೆಯ ಮೂರನೆಯ ತೂತಿಗೆ ಭೂಸಂಪರ್ಕ ಇದೆಯೇ ಎಂದು ಎಲೆಕ್ಟ್ರಿಷಿಯನ್ನಿಂದ ಮೊದಲೇ ನೋಡಿಸಿಕೊಳ್ಳಬೇಕು. ಯಂತ್ರವನ್ನು ಮುಟ್ಟಿದಾಗ ಬೆರಳು ಜುಮ್ಮೆಂದರೆ ಅದು ಇಲ್ಲವೆಂದೇ ತಿಳಿಯಿರಿ.

ಸುಟ್ಟ ಆ ಪೆಟ್ಟಿಗೆ ಈಗಲೂ ನನ್ನ ಮನೆಯ ಅಟ್ಟದ ಮೇಲಿದೆ. ಕೊಳ್ಳಲು ಹೊರಟವರು ಯಾರಾದರೂ ಚೀಟಿ ಓದುವ ರೀತಿಯನ್ನು ಕಣ್ಣಾರೆ ನೋಡಬೇಕೆಂದರೆ, ಶುಕ್ರವಾರ ಸಂಜೆ ವಾಚನಾಲಯಕ್ಕೆ ತಂದು ತೋರಿಸುತ್ತೇನೆ.