ಸಕ್ಕರೆಯ ಕವಚ ತೊಟ್ಟ ರೋಗಾಣು

ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಎಷ್ಟೋ ಆರೋಗ್ಯವಂತ ಮಕ್ಕಳ ಮೂಗಿನ ಹಿಂಭಾಗದಲ್ಲಿ ಯಾವ ತೊಂದರೆಯನ್ನೂ ಕೊಡದೆ ಬೀಡುಬಿಟ್ಟಿರುತ್ತದೆ. ಅದೇ ಜೀವಿ ಶ್ವಾಸಕೋಶಕ್ಕೋ ರಕ್ತಕ್ಕೋ ಮಿದುಳಿನ ಪೊರೆಗೋ ಇಳಿದರೆ ಪ್ರಾಣಕ್ಕೇ ಕುತ್ತು. ಈ ಬಲ ಅದರ ವಿಷದಿಂದ ಬಂದಿರಬೇಕೆಂದು ಯಾರಿಗಾದರೂ ಅನ್ನಿಸೀತು. ಆದರೆ ನಮ್ಮ ರಕ್ಷಣಾಪಡೆಯನ್ನು ಸೋಲಿಸುವುದು ಮೊದಲಿಗೆ ಅದರ ಮೈಸುತ್ತಿದ ಸಕ್ಕರೆಯ ಕವಚ. ಎಣ್ಣೆ ಹಚ್ಚಿದ ಕಂಬ ಹತ್ತುವವನ ಕೈ ಜಾರುವಂತೆ, ರೋಗಾಣುವನ್ನು ನುಂಗಲು ಬಂದ ಬಿಳಿರಕ್ತಕಣಕ್ಕೆ ಈ ಕವಚದ ಮೇಲೆ ಹಿಡಿತವೇ ಸಿಗುವುದಿಲ್ಲ.

ಕವಚ ಸಕ್ಕರೆಯ ಸರಪಳಿಗಳಿಂದಾದದ್ದು ಎಂಬುದನ್ನು 1923ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಮೈಕಲ್ ಹೈಡಲ್‌ಬರ್ಗರ್ ಮತ್ತು ಆಸ್ವಾಲ್ಡ್ ಏವರಿ ತೋರಿಸಿದರು. ಐದು ವರ್ಷಗಳ ನಂತರ ಬ್ರಿಟನ್ನಿನ ಫ್ರೆಡರಿಕ್ ಗ್ರಿಫಿತ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಕವಚವಿದ್ದ ತಳಿ ಇಲಿಗಳನ್ನು ಕೊಂದಿತು. ಕವಚ ಕಳೆದುಕೊಂಡ ತಳಿ ಕೊಲ್ಲಲಿಲ್ಲ. ಎರಡು ತಳಿಗಳ ನಡುವೆ ಬೇರೆ ವ್ಯತ್ಯಾಸಗಳೂ ಇದ್ದಿರಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರ ಸಿಕ್ಕಿದ್ದು ಮಣ್ಣಿನಲ್ಲಿ. 1930ರ ಸುಮಾರಿಗೆ ಏವರಿಯವರ ಜತೆಗಿದ್ದ ರೆನೆ ಡ್ಯೂಬೋ ಮೂರನೇ ಬಗೆಯ ನ್ಯುಮೋಕಾಕಸ್ಸಿನ ಕವಚವನ್ನಷ್ಟೇ ಜೀರ್ಣಿಸುವ ಬ್ಯಾಕ್ಟೀರಿಯಾವನ್ನು ಜೌಗು ನೆಲದ ಮಣ್ಣಿನಲ್ಲಿ ಹುಡುಕಿ ತೆಗೆದರು. ಅದರ ಕಿಣ್ವವನ್ನು ಪಡೆದ ಇಲಿಗಳು ಮಾರಕ ಪ್ರಮಾಣದ ಸೋಂಕನ್ನೂ ದಾಟಿ ಬದುಕಿದವು. ಕಿಣ್ವ ರೋಗಾಣುವನ್ನು ಕೊಂದಿರಲಿಲ್ಲ, ಬಟ್ಟೆ ಬಿಚ್ಚಿತ್ತು ಅಷ್ಟೆ; ಉಳಿದದ್ದನ್ನು ಇಲಿಯ ಬಿಳಿಕಣಗಳೇ ನೋಡಿಕೊಂಡವು. ಇದಕ್ಕಿಂತ ನೇರವಾದ ಪುರಾವೆ ಸಿಗುವುದು ಅಪರೂಪ. ನ್ಯುಮೋಕಾಕಸ್ಸಿಗೆ ಜೀವಕೋಶಗಳನ್ನು ಒಡೆಯುವ ವಿಷವೂ ಇದೆ, ಅದು ಹಾನಿ ಮಾಡುವುದೂ ನಿಜ. ಆದರೆ ಆ ವಿಷ ಕೆಲಸ ಮಾಡಬೇಕಾದರೆ ರೋಗಾಣು ಮೊದಲು ನಮ್ಮೊಳಗೆ ಬದುಕಿ ಉಳಿಯಬೇಕು.

ಹಾಗಾದರೆ ಸಕ್ಕರೆಯನ್ನೇ ಲಸಿಕೆಯಾಗಿಸಿದರೆ ಸಾಲದೇ? ದೊಡ್ಡವರಲ್ಲಿ ಅದು ಕೆಲಸ ಮಾಡುತ್ತದೆ. ಆದರೆ ರೋಗಕ್ಕೆ ಸುಲಭವಾಗಿ ತುತ್ತಾಗುವ ಎರಡು ವರ್ಷದೊಳಗಿನ ಮಕ್ಕಳ ದೇಹ ಬರಿಯ ಸಕ್ಕರೆಗೆ ಸರಿಯಾಗಿ ಸ್ಪಂದಿಸುವುದಿಲ್ಲ, ನೆನಪನ್ನೂ ಇಟ್ಟುಕೊಳ್ಳುವುದಿಲ್ಲ. ಸಕ್ಕರೆಯನ್ನು ಪ್ರೋಟೀನಿಗೆ ಬೆಸೆದಾಗ ಈ ತೊಡಕು ನೀಗುತ್ತದೆ. ಪ್ರೋಟೀನನ್ನು ಗುರುತಿಸುವ ಟಿ ಕಣಗಳ ನೆರವಿನಿಂದ ಕೂಸಿನ ದೇಹವೂ ಗಟ್ಟಿಯಾದ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅಮೆರಿಕ 2000ದಲ್ಲಿ ಬಳಕೆಗೆ ತಂದ ಏಳು ಬಗೆಯ ಸಕ್ಕರೆಗಳ ಲಸಿಕೆ ಇಂಥದ್ದು.

ಗಂಭೀರವಾದ ಆಕ್ಷೇಪವೊಂದು ಉಳಿದಿದೆ. ನ್ಯುಮೋಕಾಕಸ್ಸಿನ ಕವಚಗಳಲ್ಲಿ ಸುಮಾರು ನೂರು ಬಗೆಗಳಿವೆ. ಏಳನ್ನು ತಡೆದರೆ ಉಳಿದವು ಆ ಜಾಗಕ್ಕೆ ಬರಲಾರವೇ? ಬಂದವು. ಅಮೆರಿಕದಲ್ಲಿ 19ಎ ಎಂಬ ಬಗೆ ಹೆಚ್ಚಿತು. ಹಾಗಿದ್ದೂ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಕ್ಕೂ ಮಿದುಳುಪೊರೆಗೂ ಇಳಿಯುವ ತೀವ್ರ ಸೋಂಕು 2007ರ ವೇಳೆಗೆ ಒಟ್ಟಾರೆ ಸುಮಾರು ಮುಕ್ಕಾಲು ಪಾಲು ತಗ್ಗಿತ್ತು. ಎಲ್ಲ ಕವಚಗಳೂ ಒಂದೇ ಸಮನೆ ಅಪಾಯಕಾರಿಯಲ್ಲ ಎಂಬುದೇ ಇದಕ್ಕೆ ಕಾರಣ. ಹೀಗಾಗಿ ಈ ಆಕ್ಷೇಪ ಲಸಿಕೆಯನ್ನು ಕೈಬಿಡಲು ಕಾರಣವಾಗುವುದಿಲ್ಲ. ಯಾವ ಊರಿನಲ್ಲಿ ಯಾವ ಕವಚ ಸುತ್ತಾಡುತ್ತಿದೆ ಎಂದು ಗಮನಿಸುತ್ತ ಲಸಿಕೆಯನ್ನು ಪರಿಷ್ಕರಿಸಲು ಕಾರಣವಾಗುತ್ತದೆ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಈ ಬಗೆಯ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳ ಮೂಲಕ ಬಂದು, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಮಗುವಿಗೆ ಆರು ವಾರ, ಹದಿನಾಲ್ಕು ವಾರ ಮತ್ತು ಒಂಬತ್ತು ತಿಂಗಳಿಗೆ ಅದನ್ನು ಉಚಿತವಾಗಿ ಕೊಡುತ್ತಾರೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಹತ್ತು ಬಗೆಯ ಲಸಿಕೆಯಲ್ಲಿ ಸಕ್ಕರೆಗಳನ್ನು ಆಯ್ದದ್ದೇ ಏಷ್ಯಾ, ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ಮಕ್ಕಳನ್ನು ಕಾಡುವ ತಳಿಗಳನ್ನು ಮುಂದಿಟ್ಟುಕೊಂಡು; 19ಎ ಕೂಡ ಆ ಹತ್ತರಲ್ಲಿ ಸೇರಿದೆ.