ಕಿವಿಗೆ ಕೇಳದ ಕರೆ

ಕಿವಿಗೆ ಕೇಳಿಸದ ಸಂಕೇತದಿಂದಲೂ ಅಂಕ ಗಳಿಸಬಹುದೆಂದರೆ ನಂಬುವಿರಾ?

ನಿಯತ ಕಾಲದೊಳಗೆ ಆದಷ್ಟು ಹೆಚ್ಚು ಕೇಂದ್ರಗಳೊಡನೆ ಸಂಪರ್ಕ ಸಾಧಿಸುವ
ಹ್ಯಾಮ್ ರೇಡಿಯೊ ಸ್ಪರ್ಧೆಗೆ,
ಹಿಂದೆ ಸಾಮಾನ್ಯವಾಗಿ ಮೋರ್ಸ್ ಸಂಕೇತ ಬಲ್ಲ ಕಿವಿಯೋ ದಣಿಯದ ಕಂಠವೋ ಬೇಕಾಗಿದ್ದಿತು.

2017ರಲ್ಲಿ,
ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಜೋ ಟೇಲರ್
ಸಂಗಡಿಗರೊಡನೆ ರೂಪಿಸಿದ ಡಿಜಿಟಲ್ ಸಂವಹನ ವಿಧಾನವಾದ ಎಫ್‌ಟಿ8,
ಹಂಚಿನ ಮಾಡಿನ ಮೇಲೆ ಮುಂಗಾರು ಭೋರ್ಗರೆಯುವಾಗ
ನೆರೆಮನೆಯ ಪಿಸುಮಾತನ್ನು ಹೆಕ್ಕುವಂತೆ,
ಗದ್ದಲದಲ್ಲಿ ಹುದುಗಿದ ಕ್ಷೀಣ ಸಂಕೇತವನ್ನು
ಗಣಕದಿಂದ ಓದಿಸತೊಡಗಿತು.

ಆದರೆ ಒಂದೊಂದು ಸರದಿಗೂ 15 ಸೆಕೆಂಡು;
ಸ್ಪರ್ಧಾಳುವಿಗೆ ಅದೊಂದು ಯುಗವೇ ಸರಿ!
ಆದಕಾರಣ, ಸ್ಪರ್ಧೆಗೆಂದೇ 2019ರಲ್ಲಿ ಅವತರಿಸಿದ ಎಫ್‌ಟಿ4
ಅದನ್ನು ಏಳೂವರೆಗೆ ಇಳಿಸಿತು.

ಎಲ್ಲವನ್ನೂ ಯಂತ್ರವೇ ಮಾಡಿದರೆ ಗೆದ್ದವರಾರೆಂದು
ಹಳಬರು ಗೊಣಗುವುದುಂಟು.
ನನಗದು ಅರ್ಧಸತ್ಯವೆನಿಸುತ್ತದೆ:
ಸೂರ್ಯಾಸ್ತದ ಹೊತ್ತಿಗೆ ಯಾವ ಬ್ಯಾಂಡಿಗೆ ಹೊರಳಬೇಕು,
ಆಂಟೆನಾವನ್ನು ಎತ್ತ ತಿರುಗಿಸಬೇಕು ಎಂಬ ವಿವೇಚನೆ
ಇನ್ನೂ ಮನುಷ್ಯನ ಪಾಲಿನದೇ.